ಚಕ್ರಬಡ್ಡಿ ಕಲಿಸುವ ಮೇಷ್ಟ್ರ ಸಂಬಳದಲ್ಲಿ ಕಟಾವು: ಶಿಕ್ಷಕರ ಸಂಘದ ಸದಸ್ಯರಿಗೆ ಒಂದು ಹಣದ ಮಾರ್ಗದರ್ಶಿ

ಎಂಟನೇ ತರಗತಿಗೆ ಚಕ್ರಬಡ್ಡಿ ಪಾಠ ಮಾಡಿ ಮಾಡಿ ಸೂತ್ರ ನನಗೆ ನಿದ್ದೆಯಲ್ಲೂ ಬರುತ್ತದೆ. ಅಂಥ ನನ್ನ ಸಂಬಳದಲ್ಲೇ ಒಂದು ತಿಂಗಳು ಆರು ಸಾವಿರ ಕಡಿಮೆ ಬಂತು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ಕೇಳಿದೆ. ಗುಮಾಸ್ತರು ಒಂದು ಪತ್ರ ತೋರಿಸಿದರು. ನಾಲ್ಕು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬರ ಸಾಲಕ್ಕೆ ನಾನು ಜಾಮೀನು ಹಾಕಿದ್ದೆ. ಅವರು ಕಂತು ನಿಲ್ಲಿಸಿದ್ದರು. ಸಾಲ ಕೊಟ್ಟ ಸಹಕಾರ ಸಂಘ ನನ್ನ ಸಂಬಳಕ್ಕೆ ಕೈ ಹಾಕಿತ್ತು.

ಲೆಕ್ಕ ಗೊತ್ತಿಲ್ಲದೆ ನಾನು ಸಹಿ ಹಾಕಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಕೇಳಿದರು, ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಅಷ್ಟೇ. ತಾಲ್ಲೂಕು ಶಿಕ್ಷಕರ ಸಂಘದ ಖಜಾಂಚಿಯಾದ ಮೇಲೆ ಇಂಥ ಕಥೆಗಳನ್ನು ಬಹಳ ಕೇಳಿದೆ. ನಮ್ಮ ದುಡ್ಡು ಹೋಗುವುದು ದಡ್ಡತನದಿಂದ ಅಲ್ಲ, ದಾಕ್ಷಿಣ್ಯದಿಂದ. ಗುಮಾಸ್ತರನ್ನು ಕೇಳೋಕೆ ದಾಕ್ಷಿಣ್ಯ, ಏಜೆಂಟ್ ಆಗಿರುವ ಹಳೇ ವಿದ್ಯಾರ್ಥಿಗೆ ಬೇಡ ಅನ್ನೋಕೆ ದಾಕ್ಷಿಣ್ಯ, ಮನೆಯಲ್ಲಿ ಸಾಲದ ಮಾತೆತ್ತೋಕೂ ದಾಕ್ಷಿಣ್ಯ. ಅದಕ್ಕೇ ಎಲ್ಲಿ ಏನು ಕೇಳಬೇಕು, ಎಲ್ಲಿ ಇಲ್ಲ ಅನ್ನಬೇಕು ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಜಾಸ್ತಿ ಮಾತು ಸರ್ಕಾರಿ ಶಾಲೆಯವರಿಗೆ. ಅತಿಥಿ ಶಿಕ್ಷಕರಿಗೆ ಮತ್ತು ಖಾಸಗಿ ಶಾಲೆಯವರಿಗೆ ಮುಂದೆ ಬೇರೆಯೇ ಒಂದು ಭಾಗ ಇದೆ. ಸಾವು, ನಿವೃತ್ತಿಯ ಸುದ್ದಿಯನ್ನು ಸಂಘ ಹೇಗೆ ಹಾಕಬೇಕು ಎಂಬುದು ಕೊನೆಗಿದೆ.

ಹೆಜ್ಜೆ 1: ಸಂಬಳದ ಚೀಟಿಯನ್ನು ಸಾಲು ಸಾಲಾಗಿ ಓದಿ

ಮೊಬೈಲಿಗೆ ಸಂಬಳದ ಮೆಸೇಜ್ ಬಂತು, ಖುಷಿಯಾಯಿತು, ಮುಗಿಯಿತು. ನಮ್ಮಲ್ಲಿ ಹೆಚ್ಚಿನವರ ಓದು ಅಲ್ಲಿಗೇ ನಿಲ್ಲುತ್ತದೆ. ಎಚ್‌ಆರ್‌ಎಂಎಸ್‌ನ (ಸರ್ಕಾರಿ ನೌಕರರ ಸಂಬಳದ ಆನ್‌ಲೈನ್ ವ್ಯವಸ್ಥೆ) ಸಂಬಳದ ಚೀಟಿಯನ್ನು ವರ್ಷಕ್ಕೆ ಎರಡು ಸಲವಾದರೂ ಕೈಯಲ್ಲಿ ಪೆನ್ನು ಹಿಡಿದು ಓದಿ. ವಾರ್ಷಿಕ ವೇತನ ಬಡ್ತಿ (ಇನ್‌ಕ್ರಿಮೆಂಟ್) ಸೇರಿದ ತಿಂಗಳು ಒಂದು ಸಲ, ವರ್ಗಾವಣೆಯಾಗಿ ಹೊಸ ಶಾಲೆಯಲ್ಲಿ ಮೊದಲ ಸಂಬಳ ಬಂದಾಗ ಇನ್ನೊಂದು ಸಲ. ವರ್ಗಾವಣೆ ಇಲ್ಲದ ವರ್ಷ ಮಾರ್ಚ್‌ನಲ್ಲಿ ಓದಿ.

ಮೊದಲು ಬರುವ ಹಣ ನೋಡಿ. ರಾಜ್ಯದ 7ನೇ ವೇತನ ಆಯೋಗದ ಹೊಸ ಸಂಬಳ 2024ರ ಆಗಸ್ಟ್ 1ರಿಂದ ಕೈಗೆ ಬಂತು. ಆಗ 31 ಶೇಕಡಾ ತುಟ್ಟಿಭತ್ಯೆಯನ್ನು ಮೂಲವೇತನಕ್ಕೆ ಸೇರಿಸಿ, ಜೊತೆಗೆ ಹಳೆಯ ಮೂಲವೇತನದ 27.5 ಶೇಕಡಾವನ್ನು ಫಿಟ್‌ಮೆಂಟ್ ಎಂಬ ಹೆಸರಿನ ಏರಿಕೆಯಾಗಿ ಕೊಟ್ಟರು. ಹೊಸ ಮೂಲವೇತನವನ್ನು ಯಾವ ಹಂತಕ್ಕೆ ನಿಗದಿ ಮಾಡಿದ್ದಾರೆ ಎಂಬ ಹಾಳೆ ನಿಮ್ಮ ಬಳಿ ಇದೆಯೇ? ಇಲ್ಲದಿದ್ದರೆ ಈ ವಾರವೇ ಒಂದು ಪ್ರತಿ ತೆಗೆದುಕೊಳ್ಳಿ. ಮನೆ ಬಾಡಿಗೆ ಭತ್ಯೆ ಊರಿನ ವರ್ಗದ ಮೇಲೆ 20, 15 ಅಥವಾ 7.5 ಶೇಕಡಾ. ಪೇಟೆಯಿಂದ ಹಳ್ಳಿ ಶಾಲೆಗೆ ಹೋದವರಿಗೆ ಹಳೆಯ ದರವೇ ಮುಂದುವರಿದರೆ ಹಿಗ್ಗಬೇಡಿ. ಅದು ನಿಮ್ಮ ದುಡ್ಡಲ್ಲ, ಒಂದು ದಿನ ವಾಪಸ್ ಕೇಳುತ್ತಾರೆ.

ಜಾಸ್ತಿ ಸಂಬಳದ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಕಚೇರಿಯ ತಪ್ಪಿನಿಂದ ಹೆಚ್ಚು ಸಂಬಳ ಪಾವತಿಯಾಗಿ, ನಿವೃತ್ತಿಯ ಹೊತ್ತಿಗೆ ಒಂದೇ ಏಟಿಗೆ ಲಕ್ಷಗಟ್ಟಲೆ ವಸೂಲಿಗೆ ನೋಟಿಸ್ ಬರುವುದುಂಟು. ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ಇಂಥ ವಸೂಲಿಗೆ ಕಡಿವಾಣ ಹಾಕಿದೆ. ಸಿ ಮತ್ತು ಡಿ ಗುಂಪಿನ ನೌಕರರಿಂದ, ನಿವೃತ್ತರಾದವರಿಂದ ಅಥವಾ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ವಸೂಲಿ ಸಲ್ಲದು ಎಂದಿದೆ. ಐದು ವರ್ಷಕ್ಕೂ ಹಿಂದಿನಿಂದ ಆದ ಹೆಚ್ಚುವರಿ ಪಾವತಿಗೂ ಇದೇ ಮಾತು. ಇಂಥ ನೋಟಿಸ್ ಬಂದರೆ ಗಾಬರಿಯಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ಸಂಘದ ಕಚೇರಿಗೆ ಬನ್ನಿ, ಉತ್ತರ ಒಟ್ಟಿಗೆ ಕೂತು ಬರೆಯೋಣ.

ಈಗ ಕಟಾವು. ಕೆಜಿಐಡಿ (ರಾಜ್ಯ ಸರ್ಕಾರಿ ವಿಮಾ ಇಲಾಖೆಯ ಜೀವ ವಿಮೆ), ಸಮೂಹ ವಿಮೆ, ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ಅಥವಾ ಜಿಪಿಎಫ್ (ಭವಿಷ್ಯ ನಿಧಿ), ವೃತ್ತಿ ತೆರಿಗೆ, ಆಮೇಲೆ ಸಾಲಗಳು. ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ. 2025ರ ಏಪ್ರಿಲ್‌ನಲ್ಲಿ ಜಾರಿಯಾದ ಬದಲಾವಣೆಯಂತೆ ಫೆಬ್ರವರಿ ಒಂದು ತಿಂಗಳು ಮಾತ್ರ 300. ಫೆಬ್ರವರಿಯಲ್ಲಿ ನೂರು ರೂಪಾಯಿ ಎಲ್ಲಿ ಹೋಯಿತು ಅಂತ ಎಷ್ಟೋ ಜನ ಫೋನ್ ಮಾಡಿದ್ದರು. ಇಲ್ಲಿಗೆ ಹೋಯಿತು.

ಕೆಜಿಐಡಿ ಸಾಲನ್ನು ಸ್ವಲ್ಪ ನಿಧಾನವಾಗಿ ನೋಡಿ. 1891ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲೇ ಶುರುವಾದ ವಿಮೆ ಇದು. ಸರ್ಕಾರಿ ನೌಕರರಿಗೆ ಕಡ್ಡಾಯ. ಸೇವೆಗೆ ಸೇರಿದಾಗ ಒಂದು ಪಾಲಿಸಿ ಮಾಡಿಸಿದ್ದೇವೆ, ಬಾಂಡ್ ಎಲ್ಲಿದೆಯೋ ಗೊತ್ತಿಲ್ಲ ಅನ್ನುವವರು ನಮ್ಮಲ್ಲಿ ಅರ್ಧಕ್ಕರ್ಧ ಇದ್ದಾರೆ. ಮೂರು ಕೆಲಸ ಮಾಡಿ. ನಿಮ್ಮ ಎಲ್ಲ ಪಾಲಿಸಿಗಳ ನಂಬರ್ ಒಂದೇ ಹಾಳೆಯಲ್ಲಿ ಬರೆಯಿರಿ. ಚೀಟಿಯಲ್ಲಿ ಕಟಾವಾಗುತ್ತಿರುವ ಮೊತ್ತ ಆ ಪಾಲಿಸಿಗಳ ಕಂತಿಗೆ ತಾಳೆಯಾಗುತ್ತದಾ ನೋಡಿ. ವೇತನ ಶ್ರೇಣಿ ಏರಿದ ಮೇಲೆ ಹೆಚ್ಚುವರಿ ಪಾಲಿಸಿ ಮಾಡಿಸಿದ್ದೀರಾ ನೋಡಿಕೊಳ್ಳಿ.

ಕೊನೆಯದು ನಾಮನಿರ್ದೇಶನ, ಅಂದರೆ ನಾಮಿನಿ ಹೆಸರು. ಮದುವೆಗೆ ಮುಂಚೆ ಅಪ್ಪನ ಹೆಸರು ಕೊಟ್ಟವರು, ಅಪ್ಪ ತೀರಿಕೊಂಡು ಹತ್ತು ವರ್ಷವಾದರೂ ಅದನ್ನೇ ಇಟ್ಟುಕೊಂಡಿರುತ್ತಾರೆ. ಕೆಜಿಐಡಿ, ಎನ್‌ಪಿಎಸ್, ಬ್ಯಾಂಕ್ ಖಾತೆ, ಸೇವಾ ಪುಸ್ತಕ ಎಲ್ಲಕ್ಕೂ ಬೇರೆ ಬೇರೆ ನಾಮನಿರ್ದೇಶನ ಇರುತ್ತದೆ. ಒಂದರಲ್ಲಿ ಬದಲಿಸಿದರೆ ಉಳಿದದ್ದು ತಾನಾಗಿ ಬದಲಾಗುವುದಿಲ್ಲ.

ಹೆಜ್ಜೆ 2: ಎನ್‌ಪಿಎಸ್ ಖಾತೆಯನ್ನು ತೆರೆದು ನೋಡಿ

2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಇದು. ಮೂಲವೇತನ ಮತ್ತು ತುಟ್ಟಿಭತ್ಯೆಯ 10 ಶೇಕಡಾ ನಿಮ್ಮಿಂದ, 14 ಶೇಕಡಾ ಸರ್ಕಾರದಿಂದ. ಮೂಲವೇತನ, ತುಟ್ಟಿಭತ್ಯೆ ಎರಡೂ ಸೇರಿ 60,000 ಬರುವವರಿಗೆ ನಿಮ್ಮ ಪಾಲು 6,000, ಸರ್ಕಾರದ್ದು 8,400. ತಿಂಗಳಿಗೆ ಒಟ್ಟು 14,400 ರೂಪಾಯಿ ನಿಮ್ಮ ಹೆಸರಿನಲ್ಲಿ ಜಮೆಯಾಗಬೇಕು.

ಆಗುತ್ತಿದೆಯಾ? ಎನ್‌ಪಿಎಸ್ ಜಾಲತಾಣದಲ್ಲಿ ಪ್ರಾನ್ ನಂಬರ್ (ನಿಮ್ಮ ಎನ್‌ಪಿಎಸ್ ಖಾತೆಯ ಸಂಖ್ಯೆ) ಹಾಕಿ ಒಳಗೆ ಹೋಗಿ ವರ್ಷದ ವಹಿವಾಟು ಪಟ್ಟಿ ಇಳಿಸಿಕೊಳ್ಳಿ. ಹನ್ನೆರಡು ತಿಂಗಳಿಗೆ ಹನ್ನೆರಡು ಜೋಡಿ ಜಮೆ ಎಣಿಸಿ. ವರ್ಗಾವಣೆಯಾದ ತಿಂಗಳು, ಸಂಬಳ ತಡೆಹಿಡಿದಿದ್ದ ತಿಂಗಳು, ತುಟ್ಟಿಭತ್ಯೆ ಬಾಕಿ ಬಂದ ತಿಂಗಳು: ಬಿಟ್ಟುಹೋಗುವುದು ಹೆಚ್ಚಾಗಿ ಇವೇ ಮೂರು. ಬಿಟ್ಟುಹೋದ ತಿಂಗಳಿನ ಸಂಬಳದ ಚೀಟಿ ಜೊತೆಗಿಟ್ಟು ಡಿಡಿಓಗೆ (ಸಂಬಳದ ಬಿಲ್ ಮಾಡುವ ಅಧಿಕಾರಿ) ಲಿಖಿತ ಅರ್ಜಿ ಕೊಡಿ. ಸ್ವೀಕೃತಿ ಸೀಲ್ ಹಾಕಿಸಿಕೊಂಡೇ ಬನ್ನಿ. "ಅದೆಲ್ಲ ಆಗುತ್ತೆ ಬಿಡಿ ಮೇಷ್ಟ್ರೇ" ಎನ್ನುವ ಮಾತಿಗೆ ಸೀಲ್ ಇರುವುದಿಲ್ಲ.

ಎನ್‌ಪಿಎಸ್ ಬದಲು ಹಳೆ ಪಿಂಚಣಿ ಕೊಡಿ ಎಂಬ ಹೋರಾಟದಲ್ಲಿ ನಾನೂ ಇದ್ದೇನೆ, ಇರುತ್ತೇನೆ. 2006ರ ಏಪ್ರಿಲ್‌ಗೆ ಮುಂಚೆ ನೇಮಕಾತಿ ಅಧಿಸೂಚನೆಯಾಗಿ ಆಮೇಲೆ ಸೇವೆಗೆ ಸೇರಿದವರಿಗೆ 2024ರ ಜನವರಿಯಲ್ಲಿ ಹಳೆ ಪಿಂಚಣಿ ಆಯ್ಕೆ ಸಿಕ್ಕಿದ್ದು ಹೋರಾಟದಿಂದಲೇ. ಆದರೆ ಉಳಿದವರು ಮನೆ ಲೆಕ್ಕವನ್ನು ಇವತ್ತಿನ ನಿಯಮದ ಮೇಲೆ ಹಾಕಿಕೊಳ್ಳಿ. 60 ವರ್ಷಕ್ಕೆ ನಿವೃತ್ತರಾದಾಗ ಕೂಡಿದ ಹಣದಲ್ಲಿ ಕನಿಷ್ಠ 40 ಶೇಕಡಾ ಹಾಕಿ ಪಿಂಚಣಿ ಯೋಜನೆ ಕೊಳ್ಳಬೇಕು. ಉಳಿದ 60ರವರೆಗೆ ಒಟ್ಟಿಗೆ ಕೈಗೆ ಬರುತ್ತದೆ. ಆ ದೊಡ್ಡ ಮೊತ್ತ ಬಂದ ವಾರ ನಿಮ್ಮ ಮನೆಗೆ ಯಾರ್ಯಾರು ಬರುತ್ತಾರೆ ನೋಡಿ! ಹತ್ತು ವರ್ಷ ಮಾತಾಡಿಸದ ಭಾವಮೈದುನ ಕೂಡ ಬರುತ್ತಾರೆ.

ಹೆಜ್ಜೆ 3: ಸಾಲದ ಬಡ್ಡಿಯನ್ನು ಒಂದೇ ಅಳತೆಗೆ ತನ್ನಿ

ನಮ್ಮ ಕಡೆ ಬಡ್ಡಿಗೆ ಮೂರು ಭಾಷೆ. ಕೈಸಾಲದವರು "ನೂರಕ್ಕೆ ಎರಡು" ಅನ್ನುತ್ತಾರೆ. ಕೇಳೋಕೆ ಎರಡೇ ರೂಪಾಯಿ. ಅದು ತಿಂಗಳಿನ ಲೆಕ್ಕ, ವರ್ಷಕ್ಕೆ 24 ಶೇಕಡಾ. ನೂರಕ್ಕೆ ಮೂರು ಅಂದರೆ 36. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಮೂರೂವರೆ ಹಾಕಿದರೆ ವರ್ಷಕ್ಕೆ 42.

ಎರಡನೆಯ ಭಾಷೆ "ಫ್ಲಾಟ್ ರೇಟ್". ಇದರಲ್ಲೇ ಗಣಿತದ ಮೇಷ್ಟ್ರುಗಳೂ ಬೀಳುತ್ತಾರೆ. ಐದು ಲಕ್ಷ ಸಾಲ, ಐದು ವರ್ಷ, 12 ಶೇಕಡಾ ಅಂದುಕೊಳ್ಳಿ. ಫ್ಲಾಟ್ ಆದರೆ ವರ್ಷಕ್ಕೆ 60,000ದಂತೆ ಐದು ವರ್ಷಕ್ಕೆ ಮೂರು ಲಕ್ಷ ಬಡ್ಡಿ. ಕಂತು 13,333 ರೂಪಾಯಿ. ಮೂರನೆಯ ಭಾಷೆಯಲ್ಲಿ ಅದೇ 12 ಶೇಕಡಾವನ್ನು ಉಳಿದ ಅಸಲಿನ ಮೇಲೆ ಮಾತ್ರ ಹಾಕುತ್ತಾರೆ, ಆಗ ಕಂತು 11,122. ಒಟ್ಟು ಬಡ್ಡಿ ಸುಮಾರು 1.67 ಲಕ್ಷ. ಶೇಕಡಾವಾರು ಎರಡಕ್ಕೂ ಹನ್ನೆರಡೇ, ವ್ಯತ್ಯಾಸ ಮಾತ್ರ 1.32 ಲಕ್ಷದ ಮೇಲೆ! ನೀವು ಅಸಲು ತೀರಿಸುತ್ತಾ ಬಂದರೂ, ತೀರಿಸಿದ ಹಣಕ್ಕೂ ಫ್ಲಾಟ್‌ನಲ್ಲಿ ಬಡ್ಡಿ ಕಟ್ಟುತ್ತಲೇ ಇರುತ್ತೀರಿ.

ಹಾಗಾಗಿ ಸಾಲ ಕೇಳಲು ಹೋದಾಗ ಒಂದು ಮಾತು ಕೇಳಿ: "ಉಳಿದ ಅಸಲಿಗೆ ಬಡ್ಡಿಯಾ, ಪೂರ್ತಿ ಅಸಲಿಗಾ?" ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಯಾದರೆ ಮುಖ್ಯಾಂಶ ಪತ್ರ (ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್) ಕೊಡಿ ಅನ್ನಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್‌ನಿಂದ ವ್ಯಕ್ತಿಗಳಿಗೆ ಕೊಡುವ ಎಲ್ಲ ಹೊಸ ಕಂತಿನ ಸಾಲಗಳಿಗೆ ಅದನ್ನು ಕೊಡಲೇಬೇಕು. ಸಂಸ್ಕರಣಾ ಶುಲ್ಕ, ವಿಮೆ ಎಲ್ಲ ಸೇರಿ ನಿಜವಾದ ವಾರ್ಷಿಕ ದರ ಎಷ್ಟು ಎಂದು ಅದರಲ್ಲಿ ಬರೆದಿರುತ್ತದೆ.

ಸಣ್ಣ ಸಾಲ ಸಾಕು ಅನ್ನುವವರು ಮೊದಲು ಕೆಜಿಐಡಿ ಪಾಲಿಸಿಯ ಮೇಲೆ ಎಷ್ಟು ಸಿಗುತ್ತದೆ ಕೇಳಿ. ಅಲ್ಲಿ ನಿಮ್ಮ ಪಾಲಿಸಿಯೇ ಭದ್ರತೆ. ಯಾರ ಮನೆ ಬಾಗಿಲಿಗೂ ಜಾಮೀನಿಗೆ ಹೋಗಬೇಕಾಗಿಲ್ಲ.

ಹೆಜ್ಜೆ 4: ಜಾಮೀನಿನ ಸಹಿ

ಇದು ನನ್ನ ಸ್ವಂತ ಗಾಯ. ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಜಾಮೀನು ಎಂದರೆ "ಇವರು ಒಳ್ಳೆಯವರು" ಎಂಬ ಪ್ರಮಾಣಪತ್ರ ಅಂದುಕೊಂಡಿದ್ದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಬೇರೆಯೇ ಹೇಳುತ್ತದೆ. ಸಾಲಗಾರನ ಹೊಣೆ ಎಷ್ಟೋ, ಜಾಮೀನುದಾರನದೂ ಅಷ್ಟೇ. ಅಸಲು, ಬಡ್ಡಿ, ಸುಸ್ತಿ ಬಡ್ಡಿ, ಖರ್ಚು ಎಲ್ಲ. ಮೊದಲು ಸಾಲಗಾರನ ಹತ್ತಿರ ವಸೂಲಿಗೆ ಹೋಗಿ ಆಮೇಲೆ ನನ್ನ ಹತ್ತಿರ ಬನ್ನಿ ಎಂದು ಹೇಳುವ ಹಕ್ಕು ನನಗಿರಲಿಲ್ಲ. ಇಬ್ಬರು ಜಾಮೀನು ಹಾಕಿದ್ದೆವು. ಅರ್ಧ ಅರ್ಧ ಆಗುತ್ತದೆ ಎಂದುಕೊಂಡಿದ್ದೆ. ಸಾಲ ಕೊಟ್ಟವರು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಕೇಳಬಹುದು ಎಂದು ಆಮೇಲೆ ತಿಳಿಯಿತು. ನಮ್ಮಂಥವರನ್ನೇ ಜಾಮೀನಿಗೆ ಹುಡುಕುವುದು ಏಕೆ ಗೊತ್ತಾ? ಸರ್ಕಾರಿ ಸಂಬಳ ತಪ್ಪುವುದಿಲ್ಲ, ಡಿಡಿಓಗೆ ಒಂದು ಪತ್ರ ಬರೆದರೆ ಸಾಕು. ಕಡಿತಕ್ಕೆ ಒಪ್ಪಿ ನಾವೇ ಮೊದಲು ಬರೆದುಕೊಟ್ಟಿರುತ್ತೇವೆ. ಆ ಹಾಳೆಯನ್ನು ಯಾರು ಓದುತ್ತಾರೆ, ಅಲ್ವಾ?

ಯಾರಾದರೂ ಜಾಮೀನು ಕೇಳಿದರೆ ಹೀಗೆ ಮಾಡಿ. ಅಲ್ಲೇ ಉತ್ತರ ಕೊಡಬೇಡಿ. "ಮನೇಲಿ ಕೇಳಿ ನಾಳೆ ಹೇಳ್ತೀನಿ ಸರ್" ಅನ್ನಿ. ಆ ಒಂದು ರಾತ್ರಿ ನಿಮ್ಮನ್ನು ಕಾಯುತ್ತದೆ. ಮನೆಯಲ್ಲಿ ನಿಜವಾಗಿಯೂ ಕೇಳಿ. ನನ್ನ ಹೆಂಡತಿಗೆ ನಾನು ಹೇಳಿರಲಿಲ್ಲ. ಕಟಾವು ಶುರುವಾದ ತಿಂಗಳು ದುಡ್ಡಿಗಿಂತ ಆ ವಿವರಣೆಯೇ ದುಬಾರಿಯಾಯಿತು.

ಮಾರನೇ ದಿನ ಒಪ್ಪುವುದಾದರೆ ಮೂರು ಕಾಗದ ಕೇಳಿ: ಅವರ ಇತ್ತೀಚಿನ ಸಂಬಳದ ಚೀಟಿ, ಈಗಿರುವ ಸಾಲಗಳ ಪಟ್ಟಿ, ಸಾಲದ ಪತ್ರದ ಪ್ರತಿ. ಕೈಗೆ ಬರುವ ಸಂಬಳದಲ್ಲಿ ಅರ್ಧಕ್ಕಿಂತ ಜಾಸ್ತಿ ಈಗಾಗಲೇ ಕಂತಿಗೆ ಹೋಗುತ್ತಿದ್ದರೆ ಬೇಡ ಅನ್ನಿ. ನನ್ನ ಇನ್ನೊಂದು ನಿಯಮ: ಈ ಮೊತ್ತವನ್ನು ನಾನೇ ಕಟ್ಟಬೇಕಾಗಿ ಬಂದರೆ ಕಟ್ಟಬಲ್ಲೆನಾ? ಇಲ್ಲ ಎಂದಾದರೆ ಸಹಿಯೂ ಇಲ್ಲ. ಖಾಲಿ ಜಾಗ ಬಿಟ್ಟ ನಮೂನೆಗೆ, ಖಾಲಿ ಚೆಕ್ಕಿಗೆ ಯಾವತ್ತೂ ಸಹಿ ಬೇಡ, ಕೇಳಿದವರು ಹೆಡ್ಮಾಸ್ಟರೇ ಆಗಿರಲಿ.

ಇಲ್ಲ ಅನ್ನಲು ಬಾಯಿ ಬಾರದವರಿಗೆ ನಮ್ಮ ಸಂಘ ಒಂದು ಉಪಾಯ ಮಾಡಿಕೊಂಡಿದೆ. "ಒಬ್ಬರು ಒಂದೇ ಜಾಮೀನು" ಎಂದು ಸಭೆಯಲ್ಲಿ ಮಾತಾಡಿಕೊಂಡಿದ್ದೇವೆ. ಕಾನೂನೇನಲ್ಲ, ಒಂದು ನೆಪ ಅಷ್ಟೇ. "ನಂದು ಆಗಲೇ ಒಂದಿದೆ ಮೇಡಂ, ಸಂಘದಲ್ಲಿ ಮಾತಾಗಿದೆ" ಅಂದರೆ ಯಾರಿಗೂ ಬೇಜಾರಾಗುವುದಿಲ್ಲ.

ಈಗಾಗಲೇ ಸಹಿ ಹಾಕಿದ್ದೀರಾ? ಸಾಲ ಕೊಟ್ಟವರಿಗೆ ಆರು ತಿಂಗಳಿಗೊಮ್ಮೆ ಪತ್ರ ಬರೆದು ಬಾಕಿ ಎಷ್ಟು, ಕಂತು ಸರಿಯಾಗಿ ಬರುತ್ತಿದೆಯಾ ಕೇಳಿ. ಒಂದು ಕಂತು ತಪ್ಪಿದಾಗಲೇ ಗೊತ್ತಾದರೆ ಸಾಲಗಾರರ ಜೊತೆ ಕೂತು ಮಾತಾಡಬಹುದು. ನನಗೆ ಗೊತ್ತಾದಾಗ ಹನ್ನೊಂದು ಕಂತು ತಪ್ಪಿತ್ತು. ಸಿಬಿಲ್‌ನಂಥ ಕ್ರೆಡಿಟ್ ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಅದನ್ನೂ ತರಿಸಿ ನೋಡಿ. ಬ್ಯಾಂಕ್ ಸಾಲಕ್ಕೆ ನೀವು ಹಾಕಿದ ಜಾಮೀನು ಅದರಲ್ಲಿ ಕಾಣುತ್ತದೆ. ನೀವು ಮರೆತಿದ್ದೂ ಕಾಣುತ್ತದೆ. ಕಟ್ಟಬೇಕಾಗಿ ಬಂದರೆ ಪ್ರತಿ ರಸೀದಿ ಇಟ್ಟುಕೊಳ್ಳಿ. ನೀವು ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲಿ ಮಾಡುವ ಹಕ್ಕು ನಿಮಗಿದೆ.

ಹೆಜ್ಜೆ 5: ಫೆಬ್ರವರಿಯಲ್ಲಿ ಬರುವ ಏಜೆಂಟರಿಗೆ ಏನು ಹೇಳಬೇಕು

"ಸರ್, ಟ್ಯಾಕ್ಸ್ ಉಳಿಯುತ್ತೆ, ಒಂದು ಪಾಲಿಸಿ ಮಾಡಿಬಿಡಿ." ಈ ಮಾತು ಹಳೆಯದಾಯಿತು. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ 75,000 ರೂಪಾಯಿ ನೇರ ಕಡಿತ ಇದೆ. ಆಮೇಲೆ ಉಳಿದ ಆದಾಯ 12 ಲಕ್ಷದೊಳಗಿದ್ದರೆ ತೆರಿಗೆ ಸೊನ್ನೆ. ಅಂದರೆ ಬೇರೆ ಆದಾಯ ಇಲ್ಲದವರಿಗೆ ವರ್ಷದ ಸಂಬಳ 12.75 ಲಕ್ಷದವರೆಗೂ ತೆರಿಗೆ ಇಲ್ಲ. ನಮ್ಮ ಪ್ರಾಥಮಿಕ ಶಾಲಾ ಶಿಕ್ಷಕರಲ್ಲಿ ಬಹುಪಾಲು ಇದರೊಳಗೇ ಬರುತ್ತಾರೆ. ತೆರಿಗೆಯೇ ಇಲ್ಲದವರು ಯಾವ ತೆರಿಗೆ ಉಳಿಸೋಕೆ ಪಾಲಿಸಿ ಕೊಳ್ಳಬೇಕು?

ಈ ಮಿತಿ ದಾಟುವವರು ಡಿಡಿಓಗೆ ಲೆಕ್ಕ ಕೊಡುವ ಮುಂಚೆ ಹಳೆ ಪದ್ಧತಿ, ಹೊಸ ಪದ್ಧತಿ ಎರಡರಲ್ಲೂ ಲೆಕ್ಕ ಹಾಕಿ ನೋಡಿ. ಎನ್‌ಪಿಎಸ್‌ಗೆ ಸರ್ಕಾರ ಹಾಕುವ 14 ಶೇಕಡಾಕ್ಕೆ ಹೊಸ ಪದ್ಧತಿಯಲ್ಲೂ ವಿನಾಯಿತಿ ಇದೆ. ಇದನ್ನು ಕಳೆಯಲು ಮರೆತು ತೆರಿಗೆ ಕಟ್ಟಿದವರನ್ನು ನೋಡಿದ್ದೇನೆ. ದೊಡ್ಡ ಬಾಕಿ ಒಂದೇ ವರ್ಷ ಬಂದು ತೆರಿಗೆ ಜಾಸ್ತಿಯಾದರೆ ರಿಟರ್ನ್ ಹಾಕುವ ಮುಂಚೆ ಅದರ ರಿಯಾಯಿತಿಯ ನಮೂನೆ (2025-26ರ ಲೆಕ್ಕಕ್ಕೆ 10ಇ) ತುಂಬಬೇಕು. ಕ್ರಮ ತಪ್ಪಿದರೆ ರಿಯಾಯಿತಿಯೂ ತಪ್ಪುತ್ತದೆ.

ವಿಮೆ ಬೇಡ ಎಂದಲ್ಲ. ಮನೆಯಲ್ಲಿ ಒಬ್ಬರದೇ ದುಡಿಮೆ, ಮಕ್ಕಳು ಚಿಕ್ಕವರು ಎಂದಾದರೆ ಕೆಜಿಐಡಿ ಮೊತ್ತ ಸಾಲುವುದಿಲ್ಲ. ಆಗ ಬರೀ ಜೀವದ ಮೇಲಿನ ಟರ್ಮ್ ವಿಮೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆ ಕಂತಿಗೆ ಜಿಎಸ್‌ಟಿ ಇಲ್ಲ. ಬ್ಯಾಂಕಿನಲ್ಲಿ 436 ರೂಪಾಯಿಯ ಜೀವನ ಜ್ಯೋತಿ, 20 ರೂಪಾಯಿಯ ಸುರಕ್ಷಾ ಬಿಮಾ ಎಂಬ ಎರಡು ಯೋಜನೆ ಇವೆ. ಎರಡರಲ್ಲೂ ಎರಡು ಲಕ್ಷದ ರಕ್ಷಣೆ. ಮೊದಲನೆಯದಕ್ಕೆ 50 ವರ್ಷದೊಳಗೆ ಸೇರಬೇಕು, ಎರಡನೆಯದು ಅಪಘಾತಕ್ಕೆ ಮಾತ್ರ. ನಿಮ್ಮ ಖಾತೆ ಸಂಬಳದ ಪ್ಯಾಕೇಜ್ ಖಾತೆಯಾಗಿದೆಯಾ ಎಂದೂ ಬ್ಯಾಂಕಿನಲ್ಲಿ ಕೇಳಿ. ಬರೀ ಉಳಿತಾಯ ಖಾತೆ ಆಗಿದ್ದರೆ ಬದಲಿಸಿಕೊಳ್ಳಿ. ಪ್ಯಾಕೇಜ್ ಖಾತೆಗೆ ಅಪಘಾತ ವಿಮೆ ಬಿಟ್ಟಿ ಸಿಗುತ್ತದೆ.

ಹೆಜ್ಜೆ 6: ಠೇವಣಿ ಎಲ್ಲಿದೆ, ಚೀಟಿ ಯಾರದು

ಸಹಕಾರದ ಬಗ್ಗೆ ನನಗೆ ಗೌರವ ಇದೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ನಮ್ಮ ಗದಗ ಹತ್ತಿರದ ಕಣಗಿನಹಾಳದಲ್ಲಿ, 1905ರಲ್ಲಿ. ಶಿಕ್ಷಕರ ಪತ್ತಿನ ಸಂಘಗಳು ಎಷ್ಟೋ ಮನೆಗಳ ಮದುವೆ, ಆಸ್ಪತ್ರೆ ಖರ್ಚು ನಿಭಾಯಿಸಿವೆ. ಆದರೂ ಒಂದು ವಿಷಯ ತಿಳಿದಿರಲಿ. ಬ್ಯಾಂಕ್ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಹಕಾರ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಫಲಕದ ಮೇಲೆ "ಬ್ಯಾಂಕ್" ಎಂದಿದೆಯೋ "ಪತ್ತಿನ ಸಂಘ" ಎಂದಿದೆಯೋ ಓದಿ. ಅರ್ಧ ಶೇಕಡಾ ಬಡ್ಡಿ ಜಾಸ್ತಿ ಎಂದು ನಿವೃತ್ತಿಯ ಹಣವನ್ನೆಲ್ಲ ಒಂದೇ ಕಡೆ ಇಡಬೇಡಿ. ಸರ್ವಸದಸ್ಯರ ಸಭೆಗೆ ಊಟಕ್ಕೆ ಮಾತ್ರ ಹೋಗಬೇಡಿ. ವರದಿಯಲ್ಲಿ ಸುಸ್ತಿ ಸಾಲ ಎಷ್ಟು ಎಂಬ ಪುಟ ಹುಡುಕಿ, ಎದ್ದು ನಿಂತು ಕೇಳಿ.

ಚೀಟಿ ಹಾಕುವವರು ನೋಂದಾಯಿತ ಚೀಟಿಗೆ ಹಾಕಿ. 1982ರ ಚಿಟ್ ಫಂಡ್ ಕಾಯ್ದೆಯಂತೆ ಪ್ರತಿ ಗುಂಪಿಗೂ ರಿಜಿಸ್ಟ್ರಾರ್ ಅನುಮತಿ ಬೇಕು. ನಡೆಸುವವರ ಕಮಿಷನ್ 7 ಶೇಕಡಾ ಮೀರುವಂತಿಲ್ಲ. ರಾಜ್ಯ ಸರ್ಕಾರದ ಕಂಪನಿ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಸ್ಟಾಫ್ ರೂಮಿನ ಚೀಟಿಯಲ್ಲಿ ಬಿಟ್ಟುಹೋದವರ ಮೇಲೆ ದೂರು ಕೊಡಲೂ ಕಾಗದ ಇರುವುದಿಲ್ಲ.

ಹೆಣ್ಣುಮಗು ಹತ್ತು ವರ್ಷದೊಳಗಿದ್ದರೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಖಾತೆ ತೆರೆಯಿರಿ. ವರ್ಷಕ್ಕೆ 250 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಕಟ್ಟಬಹುದು.

ಹೆಜ್ಜೆ 7: ಗ್ರೂಪಿನಲ್ಲಿ ಬಂದ ಫೈಲ್

"ವೇತನ ಬಾಕಿ ಪಟ್ಟಿ", "ವರ್ಗಾವಣೆ ಅಂತಿಮ ಪಟ್ಟಿ" ಎಂಬ ಹೆಸರಿನಲ್ಲಿ ಬರುವ ಫೈಲಿನ ಹೆಸರಿನ ಕೊನೆಗೆ ಎಪಿಕೆ (.apk) ಎಂದಿದ್ದರೆ ಮುಟ್ಟಬೇಡಿ. ಅದು ಪಟ್ಟಿಯಲ್ಲ, ನಿಮ್ಮ ಮೊಬೈಲಿನ ಒಳಗೆ ಕೂರುವ ಕಳ್ಳ. ಅದನ್ನು ಕಳಿಸಿದ್ದು ನಮ್ಮ ಸಿಆರ್‌ಪಿಯವರ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ನಂಬರೇ ಆಗಿರಬಹುದು, ಏಕೆಂದರೆ ಅವರ ಫೋನ್ ಆಗಲೇ ಕಳ್ಳರ ಹಿಡಿತಕ್ಕೆ ಹೋಗಿರುತ್ತದೆ. ವಿಡಿಯೋ ಕಾಲ್‌ನಲ್ಲಿ "ಡಿಜಿಟಲ್ ಅರೆಸ್ಟ್" ಎಂದರೆ ಫೋನ್ ಇಡಿ. ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಹಣ ಹೋಯಿತೇ? ನಾಚಿಕೆಪಡುತ್ತಾ ಕೂರದೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಒಂದೆರಡು ಗಂಟೆಯಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಅತಿಥಿ ಶಿಕ್ಷಕರು, ಖಾಸಗಿ ಶಾಲೆಯವರು

ನಿಮ್ಮ ಕಷ್ಟ ಬೇರೆ. ಗೌರವಧನ ತಿಂಗಳುಗಟ್ಟಲೆ ಬರುವುದಿಲ್ಲ, ಬಂದರೆ ಮೂರು ತಿಂಗಳದು ಒಟ್ಟಿಗೆ ಬರುತ್ತದೆ. ಬೇಸಿಗೆಯಲ್ಲಿ ಏನೂ ಇಲ್ಲ. ಇದಕ್ಕೆ ನನಗೆ ಗೊತ್ತಿರುವ ಒಂದೇ ದಾರಿ: ಎರಡು ಖಾತೆ. ಬಂದದ್ದೆಲ್ಲ ಒಂದರಲ್ಲಿ ಬೀಳಲಿ. ವರ್ಷದ ಒಟ್ಟು ಗೌರವಧನವನ್ನು ಹನ್ನೆರಡರಿಂದ ಭಾಗಿಸಿ, ತಿಂಗಳಿಗೊಮ್ಮೆ ಅಷ್ಟನ್ನೇ ಇನ್ನೊಂದಕ್ಕೆ ಹಾಕಿ. ಮನೆ ನಡೆಯುವುದು ಎರಡನೆಯದರಿಂದ. ಮೊದಲ ವರ್ಷ ಇದು ಕಷ್ಟ, ಎರಡನೇ ವರ್ಷದಿಂದ ಉಸಿರಾಡಬಹುದು.

ಖಾಸಗಿ ಶಾಲೆಯವರು ಪಿಎಫ್ ಖಾತೆಯ ಪಾಸ್‌ಬುಕ್ಕನ್ನು ಮೊಬೈಲಿನಲ್ಲೇ ನೋಡಿಕೊಳ್ಳಿ. ನಿಮ್ಮ ಸಂಬಳದಲ್ಲಿ ಹಿಡಿದದ್ದು ಜಮೆಯಾಗಿದೆಯಾ? ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಸಿಗುವ ಇಡಿಗಂಟು) ಶಿಕ್ಷಕರಿಗೆ ಇಲ್ಲ ಎಂದು ಆಡಳಿತ ಮಂಡಳಿ ಹೇಳಿದರೆ ನಂಬಬೇಡಿ. ಗ್ರಾಚ್ಯುಟಿ ಕಾಯ್ದೆಯ 2009ರ ತಿದ್ದುಪಡಿ ಶಿಕ್ಷಕರನ್ನೂ ಸೇರಿಸಿತು, ಅದೂ 1997ರ ಏಪ್ರಿಲ್ 3ರಿಂದ ಅನ್ವಯವಾಗುವಂತೆ. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವು, 2022ರ ಆಗಸ್ಟ್‌ನಲ್ಲಿ ಸೋತವು. ಲೆಕ್ಕ ಸುಲಭ: ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 26,000 ಸಂಬಳ, ಹತ್ತು ವರ್ಷ ಸೇವೆ ಎಂದರೆ ಒಂದೂವರೆ ಲಕ್ಷ. ಬಿಡುವ ಮೊತ್ತವಾ ಅದು? ನೇಮಕಾತಿ ಪತ್ರ, ಹಾಜರಿ, ಬ್ಯಾಂಕಿಗೆ ಸಂಬಳ ಬಂದ ಪುಟಗಳನ್ನು ಮಾತ್ರ ಜೋಪಾನ ಮಾಡಿ.

ಸಂಘದ ಸುದ್ದಿಯನ್ನು ಹೀಗೆ ಬರೆಯೋಣ

ಸಹೋದ್ಯೋಗಿ ತೀರಿಕೊಂಡರೆ ನಮ್ಮ ಗ್ರೂಪಿನಲ್ಲಿ ಒಂದೇ ಗಂಟೆಯಲ್ಲಿ ನೂರು "ಓಂ ಶಾಂತಿ" ಬರುತ್ತವೆ. ಆರು ತಿಂಗಳಾದ ಮೇಲೆ ಅವರ ಹೆಂಡತಿ ಕಚೇರಿಯ ಮೆಟ್ಟಿಲ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಕೂತಿರುತ್ತಾರೆ. ಚೀಲದಲ್ಲಿ ಕಾಗದಗಳು. ಯಾವುದು ಯಾವುದಕ್ಕೆ ಎಂದು ಅವರಿಗೆ ಗೊತ್ತಿಲ್ಲ. ಇದನ್ನು ಕಣ್ಣಾರೆ ಕಂಡ ಮೇಲೆ ನಿಧನ ಸುದ್ದಿಯ ಕೆಳಗೆ ನಾವು ಎರಡು ಸಾಲು ಸೇರಿಸಲು ಶುರು ಮಾಡಿದೆವು: ಕುಟುಂಬದ ಕಾಗದಪತ್ರಕ್ಕೆ ಸಂಘದಿಂದ ಯಾರಿಬ್ಬರು ಜೊತೆ ಹೋಗುತ್ತಾರೆ, ಯಾವ ಶನಿವಾರ ಹೋಗುತ್ತಾರೆ. ಆ ಇಬ್ಬರಲ್ಲಿ ಒಬ್ಬರು ಶಿಕ್ಷಕಿ ಆಗಿರಬೇಕು. ಮನೆಯ ಹೆಂಗಸರು ಅವರ ಹತ್ತಿರ ಬಾಯಿಬಿಟ್ಟು ಮಾತಾಡುತ್ತಾರೆ.

ಅವರು ಮಾಡಬೇಕಾದ ಕೆಲಸ: ಮರಣ ಪ್ರಮಾಣಪತ್ರದ ಹತ್ತು ಪ್ರತಿ ತೆಗೆಸುವುದು. ಕೆಜಿಐಡಿ, ಸಮೂಹ ವಿಮೆ, ಗಳಿಕೆ ರಜೆಯ ನಗದು, ಎನ್‌ಪಿಎಸ್, ಬ್ಯಾಂಕಿನ ಅಪಘಾತ ವಿಮೆ ಒಂದೊಂದಕ್ಕೂ ಅರ್ಜಿ ಹಾಕಿಸಿ ಸ್ವೀಕೃತಿ ಪಡೆಯುವುದು. ಎನ್‌ಪಿಎಸ್‌ನವರು ಸೇವೆಯಲ್ಲಿದ್ದಾಗ ತೀರಿಕೊಂಡರೆ ಕುಟುಂಬ ಪಿಂಚಣಿಗೂ ಅವಕಾಶ ಇದೆ, ಅದನ್ನು ಡಿಡಿಓ ಬಳಿ ಬಿಡದೆ ಕೇಳುವುದು. ಎಲ್ಲಕ್ಕಿಂತ ತುರ್ತಿನದು ಅನುಕಂಪದ ನೌಕರಿ. 1996ರ ನಿಯಮದಂತೆ ಸಾವಿನ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹೋಗಬೇಕು. ವರ್ಷಾಬ್ದಿಕ ಆಗಲಿ ಅಂತ ಕಾದು ಕೂತ ಮನೆಗಳಿವೆ. ಹಾಗಾಗಿ ಹತ್ತನೇ ತಿಂಗಳಿಗೆ ಸಂಘದವರೇ ಮತ್ತೊಂದು ಸಲ ಆ ಮನೆಗೆ ಹೋಗಿ ಬರುತ್ತಾರೆ.

ಸಹಾಯಧನ ಎತ್ತಿದರೆ ಅದರ ಲೆಕ್ಕವೂ ಸುದ್ದಿಯೇ. ಎಷ್ಟು ಜನ ಕೊಟ್ಟರು, ಒಟ್ಟು ಎಷ್ಟು, ಯಾವ ದಿನ ಯಾರ ಖಾತೆಗೆ ಹೋಯಿತು. ಕೊಟ್ಟವರ ಹೆಸರಿನ ಮುಂದೆ ಮೊತ್ತ ಬರೆಯುವುದು ಬೇಡ. ಐನೂರು ಕೊಟ್ಟ ಅತಿಥಿ ಶಿಕ್ಷಕರು ಐದು ಸಾವಿರ ಕೊಟ್ಟವರ ಮುಂದೆ ತಲೆ ತಗ್ಗಿಸುವಂತಾಗಬಾರದು. ಹಣ ಸಂಘದ ಖಾತೆಗೇ ಬರಲಿ, ಪದಾಧಿಕಾರಿಯ ಸ್ವಂತ ಫೋನ್ ನಂಬರಿಗೆ ಬೇಡ. ಖಜಾಂಚಿಯಾದ ನನ್ನದಕ್ಕೂ ಬೇಡ.

ನಿವೃತ್ತಿಯ ಸುದ್ದಿಗೆ ಫೋಟೋ, ಶಾಲು, ಹಾರ ಇದ್ದೇ ಇರುತ್ತದೆ. ಮೇ ತಿಂಗಳಿನಲ್ಲಿ ಒಟ್ಟೊಟ್ಟಿಗೆ ಬೀಳ್ಕೊಡುಗೆ ಬಂದಾಗ ಒಂದೂವರೆ ವರ್ಷ ಮುಂದೆ ನಿವೃತ್ತರಾಗುವವರ ಪಟ್ಟಿಯನ್ನೂ ಆ ಸುದ್ದಿಯ ಜೊತೆಗೇ ಹಾಕಿ. ಸೇವಾ ಪುಸ್ತಕದಲ್ಲಿ ಬಿಟ್ಟುಹೋದ ದಾಖಲೆ, ವೇತನ ನಿಗದಿಯ ತಪ್ಪು, ಹೆಸರಿನ ಒಂದು ಅಕ್ಷರದ ವ್ಯತ್ಯಾಸ, ಇವನ್ನೆಲ್ಲ ಸರಿಮಾಡಿಸಲು ಅಷ್ಟು ಸಮಯ ನಿಜವಾಗಿಯೂ ಬೇಕು.

ಮುಂದಿನ ತಿಂಗಳ ಸಭೆ ಗುರುಭವನದಲ್ಲಿ, ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ. ಬರುವಾಗ ಎರಡು ಹಾಳೆ ತನ್ನಿ: ಕಳೆದ ತಿಂಗಳ ಸಂಬಳದ ಚೀಟಿ, ನೀವು ಜಾಮೀನು ಹಾಕಿರುವ ಸಾಲಗಳ ಪಟ್ಟಿ. ಎರಡನೆಯದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಬರೆದು ಜೇಬಿನಲ್ಲಿಟ್ಟುಕೊಂಡು ಬಂದರೂ ಸಾಕು.